ಗುಡ್ಡದ ಓಟ, ಮಳೆಗಾಲದ ರಾಡಿ, ಮತ್ತೆ ಮತ್ತೆ ಉಳುಕುವ ಕಾಲು

ಪ್ರಶ್ನೆ: ಸರ್, ನಮಸ್ಕಾರ. ನಾನು ಬೈಲಹೊಂಗಲ ಕಡೆಯಾಂವ, ವಯಸ್ಸು 27, ಈಗ ಬೆಳಗಾವ್ಯಾಗ ನೌಕರಿ. ಊರಾಗ ಎರಿ ಹೊಲದ ದಾರಿಮ್ಯಾಲೆ ಓಡಿ ರೂಢಿ. ಹೋದ ವರ್ಷದಿಂದ ಗೆಳ್ಯಾರ ಜೋಡಿ ಜಾಂಬೋಟಿ, ಕಣಕುಂಬಿ ಗುಡ್ಡದಾಗ ಓಡಾಕ ಹೊಂಟೀನಿ. ಹೋದ ಮಳಿಗಾಲದಾಗ ಬಲಗಾಲು ಉಳುಕಿತ್ತು. ಬಾವು ಇಳೀತು, ಆರಾಮಾತು ಅಂತ ಬಿಟ್ಟೆ. ಈಗ ಮೂರು ವಾರದ ಹಿಂದ ಮತ್ತ ಅದ ಕಾಲು ಹೊರಳಿತು. ಅವ್ವ 'ಎಣ್ಣಿ ಹಚ್ಚಿ ತಿಕ್ಕಿಸ್ಕೊಂಡು ಬಾ' ಅಂತಾಳ, ಗೆಳ್ಯಾರು 'ಎತ್ತರದ ಬೂಟ್ ತೊಗೊ' ಅಂತಾರ. ಮುಂದಿನ ರವಿವಾರ ಮತ್ತ ಎಲ್ಲಾರೂ ಹೊಂಟಾರ. ಹೋಗ್ಲೋ ಬ್ಯಾಡೋ?
– ಓದುಗರೊಬ್ಬರು, ಬೆಳಗಾವಿ

ಉತ್ತರ (ಕ್ರೀಡಾ ಫಿಸಿಯೋಥೆರಪಿ ತಜ್ಞರಿಂದ): ಮುಂದಿನ ರವಿವಾರ ಬೇಡ. ಕಾರಣ ನಿಮ್ಮ ಪತ್ರದಲ್ಲೇ ಇದೆ. ಬಾವು ಇಳಿಯಿತೆಂದು ಬಿಟ್ಟಿರಿ. ಬಾವು ಒಂದೆರಡು ವಾರದಲ್ಲಿ ಇಳಿದೀತು, ಒಳಗಿನ ಲಿಗಮೆಂಟ್ (ಎಲುಬಿಗೆ ಎಲುಬು ಬಿಗಿಯುವ ಪಟ್ಟಿ) ಬಲ ಪಡೆಯಲು ತಿಂಗಳುಗಳೇ ಬೇಕು. ಗುಡ್ಡದಲ್ಲಿ ಓಡಿ ಕಾಲು ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರದು ಹೊಸ ಉಳುಕಲ್ಲ, ಅರ್ಧಕ್ಕೆ ಬಿಟ್ಟ ಹಳೆಯದೇ.

ಪಾದದ ಕೀಲಿನ ಹೊರಬದಿಗೆ ಮೂರು ಲಿಗಮೆಂಟ್‌ಗಳಿವೆ. ಮುಂದಿನದು ಎಲ್ಲಕ್ಕಿಂತ ದುರ್ಬಲ. ಬೆರಳು ಕೆಳಗಾಗಿ, ಅಂಗಾಲು ಒಳಮುಖವಾಗಿ ಹೊರಳಿದಾಗ ಮೊದಲು ಹರಿಯುವುದು ಅದೇ. ಈ ಲಿಗಮೆಂಟ್‌ಗಳು ಎಲುಬುಗಳನ್ನು ಹಿಡಿದಿಡುವುದಷ್ಟೇ ಅಲ್ಲ, ಪಾದ ಯಾವ ಕೋನದಲ್ಲಿದೆ ಎಂಬ ಸುದ್ದಿಯನ್ನೂ ಮಿದುಳಿಗೆ ಮುಟ್ಟಿಸುತ್ತವೆ. ಒಮ್ಮೆ ಹರಿದ ಮೇಲೆ ಆ ಸುದ್ದಿ ತಡವಾಗಿ, ತಪ್ಪಾಗಿ ಹೋಗುತ್ತದೆ. ಮೊಣಕಾಲ ಕೆಳಗೆ ಹೊರಬದಿಯಲ್ಲಿರುವ ಪೆರೋನಿಯಲ್ ಸ್ನಾಯುಗಳ ಕೆಲಸ ಹೊರಳುವ ಪಾದವನ್ನು ಹಿಡಿದೆಳೆಯುವುದು. ಆದರೆ ಕಾಲು ಹೊರಳಲು ಶುರುವಾದ ಮೇಲೆ ಅವು ಎಚ್ಚೆತ್ತರೆ ಆಟ ಮುಗಿದಂತೆಯೇ. ಪಾದ ನೆಲಕ್ಕೆ ತಾಗುವ ಮೊದಲೇ ಅವು ಬಿಗಿಯಾಗಿರಬೇಕು. ನಿಮ್ಮ ಬಲಗಾಲಿಗೆ ಈಗ ತಪ್ಪಿದ್ದು ಈ ರೂಢಿ.

ಎಕ್ಸ್‌ರೇ ಮಾಡಿಸಿದ್ದೀರೋ ಇಲ್ಲವೋ ಬರೆದಿಲ್ಲ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ರೂಪಿಸಿದ ನಿಯಮವೊಂದಿದೆ, ಗುಡ್ಡ ಹತ್ತುವವರಿಗೆಲ್ಲ ಗೊತ್ತಿರಬೇಕು. ಕೀಲಿನ ಎರಡೂ ಬದಿ ಉಬ್ಬಿದ ಎಲುಬಿನ ಗಂಟುಗಳಿವೆಯಲ್ಲ, ಅವುಗಳ ತುದಿ ಮತ್ತು ಹಿಂದಿನ ಅಂಚಿನ ಕೊನೆಯ 6 ಸೆಂಟಿಮೀಟರ್ ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡಬೇಕು. ಆಮೇಲೆ ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಉದ್ದ ಎಲುಬು ಶುರುವಾಗುವ ಉಬ್ಬನ್ನು, ಮತ್ತು ಒಳಬದಿಯಲ್ಲಿ ಪಾದದ ಕಮಾನಿನ ಮೇಲಿನ ಎಲುಬನ್ನು. ಇವುಗಳಲ್ಲಿ ಯಾವುದನ್ನು ಒತ್ತಿದರೂ ಎಲುಬೇ ನೋಯುತ್ತಿದ್ದರೆ, ಇಲ್ಲವೇ ಬಿದ್ದ ಕೂಡಲೇ ಮತ್ತು ದವಾಖಾನೆಯಲ್ಲೂ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕೇ ಬೇಕು. ಮೂರು ವಾರ ಕಳೆದರೂ ನಿಮಗೆ ಅಲ್ಲಿ ಎಲುಬು ನೋಯುತ್ತಿದ್ದರೆ ನಾಳೆಯೇ ಹೋಗಿ.

ಅವ್ವ ಹೇಳುವ ಎಣ್ಣೆಯ ಬಗ್ಗೆ ನನ್ನ ತಕರಾರಿಲ್ಲ, ತಿಕ್ಕುವುದರ ಬಗ್ಗೆ ಇದೆ. ಉಳುಕಿದ ಮೊದಲ ದಿನಗಳಲ್ಲಿ ಒಳಗೆ ರಕ್ತ ಸುರಿದಿರುತ್ತದೆ. ಆಗ ಬಲವಾಗಿ ತಿಕ್ಕಿ, ಎಳೆದು, ಬಿಸಿ ಶಾಖ ಕೊಟ್ಟರೆ ಬಾವು ಏರುತ್ತದೆ, ಬಿರುಕು ಬಿಟ್ಟ ಎಲುಬಿದ್ದರೆ ಅದೂ ಜರುಗಬಹುದು. ಆ ದಿನಗಳಿಗೆ ಕ್ರೇಪ್ ಬ್ಯಾಂಡೇಜು, ದಿಂಬಿನ ಮೇಲೆ ಎತ್ತಿಟ್ಟ ಕಾಲು, ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸು ಸಾಕು. ಹಾಗಂತ ವಾರಗಟ್ಟಲೆ ಮಂಚ ಹಿಡಿಯುವುದೂ ತಪ್ಪು. ಎಲುಬು ಮುರಿದಿಲ್ಲವೆಂದು ಖಾತ್ರಿಯಾದರೆ ಒಂದೆರಡು ದಿನದ ಬಳಿಕ ನೋವು ತಡೆಯುವಷ್ಟು ಕಾಲಾಡಿಸಬೇಕು. ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ನಮ್ಮ ಅಕ್ಷರಗಳ ದುಂಡಗೆ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ. 'ಳ' ಬರೆಯಲು ಹೋದಾಗ ಎಲ್ಲಿ ಬಿಗಿ ಹಿಡಿದಿದೆ ಎಂಬುದು ತಾನೇ ಗೊತ್ತಾಗುತ್ತದೆ.

ನೀವು ಈಗ ಮಾಡಬೇಕಾದ್ದು ಇದರ ಮುಂದಿನದು. ಹಲ್ಲುಜ್ಜುವಾಗ ಬಲಗಾಲೊಂದರ ಮೇಲೆ ನಿಲ್ಲಿ. ಅಲುಗಾಡದೆ ಅರ್ಧ ನಿಮಿಷ ನಿಲ್ಲುವಂತಾದಾಗ ಕಣ್ಣು ಮುಚ್ಚಿ ನಿಲ್ಲಿ, ಬಿದ್ದರೆ ಹಿಡಿಯಲು ಗೋಡೆ ಹತ್ತಿರ ಇರಲಿ. ಮೆಟ್ಟಿಲಿನ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸಿ. ಹಳೆಯ ಸೈಕಲ್ ಟ್ಯೂಬನ್ನು ಮೇಜಿನ ಕಾಲಿಗೆ ಕಟ್ಟಿ, ಅದರ ಕುಣಿಕೆಯಲ್ಲಿ ಪಾದ ಸಿಕ್ಕಿಸಿ ಹೊರಕ್ಕೆ ಎಳೆಯಿರಿ, ಹೊರಬದಿಯ ಸ್ನಾಯುಗಳಿಗೆ ಇದಕ್ಕಿಂತ ಅಗ್ಗದ ಜಿಮ್ ಇಲ್ಲ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆದರೆ ತಿಂಗಳುಗಟ್ಟಲೆ ಬಿಡದೆ. ಕೊನೆಗೆ ಕುಂಟೋಟ: ಬಲಗಾಲಿನಲ್ಲಿ ಮುಂದಕ್ಕೆ ಮತ್ತು ಎರಡೂ ಪಕ್ಕಕ್ಕೆ ಜಿಗಿಯಿರಿ. ಎಡಗಾಲಿನಷ್ಟೇ ದೂರ, ನೋವಿಲ್ಲದೆ, ಹೆದರಿಕೆಯಿಲ್ಲದೆ ಜಿಗಿಯಲು ಬಂದ ದಿನ ಗುಡ್ಡದ ಮಾತಾಡೋಣ.

ಎತ್ತರದ ಬೂಟಿನಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಕಣಕುಂಬಿಯ ಮಳೆಯಲ್ಲಿ ಅದು ನೀರು ತುಂಬಿ ಭಾರವಾಗುತ್ತದೆ, ಸುಸ್ತಾದ ಕಾಲೇ ಮೊದಲು ಎಡವುವುದು. ಇಂಥ ಗುಡ್ಡದೋಟದ ತವರಾದ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬಾಬ್ ಗ್ರಹಾಂ ಎಂಬಾತ 1932ರಲ್ಲಿ 24 ಗಂಟೆಯೊಳಗೆ 42 ಬೆಟ್ಟ ಹತ್ತಿಳಿದದ್ದು ಟೆನಿಸ್ ಶೂ ಹಾಕಿಕೊಂಡು. ನೀವು ನೋಡಬೇಕಾದ್ದು ಅಟ್ಟೆಯ ದಪ್ಪ. ಮೆತ್ತಗಿನ ಫೋಮಿನ ಎತ್ತರದ ಅಟ್ಟೆ ಡಾಂಬರಿಗೆ ಸುಖ. ಗುಡ್ಡದಲ್ಲಿ ಮಾತ್ರ ಪಾದ ನೆಲದಿಂದ ಎತ್ತರಕ್ಕೆ ಹೋದಷ್ಟೂ ಹೊರಳುವ ಬಲ ಹೆಚ್ಚುತ್ತದೆ. ತೆಳು ಅಟ್ಟೆ, ಕೆಳಗೆ ಆಳವಾದ ಗುಬ್ಬಿಗಳು (ನೆಲ ಹಿಡಿಯುವ ರಬ್ಬರ್ ಉಬ್ಬುಗಳು), ಹಿಮ್ಮಡಿ ಅಲುಗಾಡದಂತೆ ಕೊನೆಯ ತೂತಿನವರೆಗೆ ಬಿಗಿದ ಲೇಸು ಇರಲಿ. ಒಮ್ಮೆ ಉಳುಕಿದವರಿಗೆ ಲೇಸು ಕಟ್ಟುವ ಗಟ್ಟಿ ಆಂಕಲ್ ಬ್ರೇಸ್ (ಪಾದದ ಕೀಲಿಗೆ ಆಸರೆಯಾಗುವ ಪಟ್ಟಿ) ನಿಜಕ್ಕೂ ಉಪಯೋಗ, ಒಂದು ವರ್ಷ ಓಡುವಾಗೆಲ್ಲ ಹಾಕಿ. ಮೆಡಿಕಲ್ ಅಂಗಡಿಯ ಇಲಾಸ್ಟಿಕ್ ಕಾಲುಚೀಲ ಬೆಚ್ಚಗಿಟ್ಟೀತು, ಹೊರಳುವುದನ್ನು ತಡೆಯದು.

ಇನ್ನು ನೆಲದ ಮಾತು. ಎರಿ ಮಣ್ಣಿನ ದಾರಿ ಕಾಲಿಗೆ ಒಂದೇ ತರಹದ ಉತ್ತರ ಕೊಡುತ್ತದೆ, ಒಣಗಿದ್ದರೆ ಗಟ್ಟಿ, ಒದ್ದೆಯಾದರೆ ಅಂಟು. ಖಾನಾಪುರದ ಪಶ್ಚಿಮದ ಜಂಬಿಟ್ಟಿಗೆ ಬಯಲು ಹಾಗಲ್ಲ. ಹುಲ್ಲಿನಡಿ ಕಲ್ಲು, ಕಲ್ಲಿನಲ್ಲಿ ತೂತು, ತೂತಿನಲ್ಲಿ ನೀರು, ಮೇಲೆ ಪಾಚಿ. ಜನ ರಾಡಿಗೆ ಹೆದರುತ್ತಾರೆ, ನಿಜವಾಗಿ ಕಾಲು ಮುರಿಯುವುದು ರಾಡಿ ಮುಗಿದು ಕಲ್ಲು ಶುರುವಾಗುವ ಜಾಗ. ಗುಬ್ಬಿಗಳಲ್ಲಿ ಕೆಸರು ತುಂಬಿಕೊಂಡ ಶೂ ಪಾಚಿಗಲ್ಲಿನ ಮೇಲೆ ಸರ್ರನೆ ಜಾರುತ್ತದೆ. ಅಲ್ಲಿ ಎರಡು ಹೆಜ್ಜೆ ನಡೆಯಿರಿ, ಮರ್ಯಾದೆ ಏನೂ ಹೋಗುವುದಿಲ್ಲ. ದನಗಳ ಗೊರಸಿನ ಕುಳಿಗಳನ್ನೂ ಗಮನಿಸಿ. ಮಳೆಯಲ್ಲಿ ಅವುಗಳ ಅಂಚು ಮೆತ್ತಗಿದ್ದು ಕಾಲಿಟ್ಟರೆ ಕುಸಿಯುತ್ತದೆ. ಮಳೆ ನಿಂತ ಮೇಲೆ ಅದೇ ಅಂಚು ಕಲ್ಲಿನಂತೆ ಗಟ್ಟಿಯಾಗುತ್ತದೆ, ಮೇಲೆ ಹುಲ್ಲು ಬಾಗಿ ಕುಳಿ ಕಾಣುವುದೂ ಇಲ್ಲ. ಜೊಂಡು ಬೆಳೆದ ಕಡೆ ನೀರು ನಿಂತಿದೆ ಅಂತಲೇ ತಿಳಿಯಿರಿ. ಹುಲ್ಲಿನ ಗುಪ್ಪೆಯ ನೆತ್ತಿಯ ಮೇಲೆ ಕಾಲಿಡಬೇಡಿ, ಅದು ಪಕ್ಕಕ್ಕೆ ವಾಲುತ್ತದೆ.

ಹೆಜ್ಜೆ ಚಿಕ್ಕದಿರಲಿ, ಚುರುಕಿರಲಿ. ಆಗ ಒಂದು ಹೆಜ್ಜೆ ಕೆಟ್ಟರೂ ಮೈಭಾರ ಅದರ ಮೇಲೆ ಪೂರ್ತಿ ಬಿದ್ದಿರುವುದಿಲ್ಲ. ಕಣ್ಣು ಕಾಲ್ಬೆರಳಿನ ಮೇಲಲ್ಲ, ಮೂರ್ನಾಲ್ಕು ಹೆಜ್ಜೆ ಮುಂದೆ ಇರಬೇಕು. ಮೊಣಕಾಲು ಸಡಿಲ, ಕೈ ಅಗಲ. ಕಾಲು ಹೊರಳತೊಡಗಿತು ಅನ್ನಿಸಿದ ಕೂಡಲೇ ಸೆಟೆದು ನಿಲ್ಲಲು ಹೋಗಬೇಡಿ. ಆ ಮೊಣಕಾಲನ್ನು ಮಡಿಸಿ, ಭಾರ ಕಿತ್ತುಕೊಂಡು ಕೂತುಬಿಡಿ, ಬೇಕಾದರೆ ರಾಡಿಯಲ್ಲಿ ಉರುಳಿ. ಬಟ್ಟೆ ಒಗೆಯಬಹುದು. ಇಳಿಜಾರಿಗೆ ಅಡ್ಡವಾಗಿ ಓಡುವಾಗ ಕೆಳಬದಿಯ ಕಾಲಿನ ಹೊರ ಅಂಚು ಯಾವಾಗಲೂ ತಗ್ಗಿನಲ್ಲಿರುತ್ತದೆ, ಅಂದರೆ ಉಳುಕುವ ದಿಕ್ಕಿಗೇ ವಾಲಿರುತ್ತದೆ. ಹಾಗಾಗಿ ನಿಮ್ಮ ಬಲಗಾಲು ಬಹಳ ಹೊತ್ತು ಕೆಳಬದಿಗೆ ಇರದಂತೆ ಅಂಕುಡೊಂಕಾಗಿ ಇಳಿಯಿರಿ. ಕೊನೆಯ ಇಳಿಜಾರಿನಲ್ಲಿ, ಮಾತು ಜೋರಾಗಿ ಚಹಾದ ನೆನಪು ಬಂದಾಗ, ಇನ್ನೂ ಎಚ್ಚರ.

ಭೀಮಗಡ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ, ಅಲ್ಲಿ ಕರಡಿಗಳಿವೆ, ಉಳುಕಿದ ಕಾಲಲ್ಲಿ ಓಡಲಾಗದು. ಕಾಲಿಗೆ ಗಾಯವಿದ್ದು ಗದ್ದೆ ನೀರು ತುಳಿದಿದ್ದರೆ, ಆಮೇಲೆ ಜ್ವರ ಬಂದಲ್ಲಿ ಅದನ್ನು ವೈದ್ಯರಿಗೆ ಹೇಳಿ. ಇಲಿಜ್ವರದ ಅನುಮಾನ ಅವರಿಗೆ ಬರಲಿ.

ಗುಡ್ಡ ತಪ್ಪಿತೆಂದು ರವಿವಾರ ಡಾಂಬರು ರಸ್ತೆಯ ಅಂಚಿನಲ್ಲಿ ಓಡುವ ಯೋಚನೆ ಇದ್ದರೆ ಒಂದು ಮಾತು. ಎದುರು ಬರುವ ಗಾಡಿಗೆ ಮುಖ ಮಾಡಿ ಬಲಬದಿಯಲ್ಲಿ ಓಡುವುದೇ ಸರಿ, ಆದರೆ ರಸ್ತೆ ಅಲ್ಲಿ ಬಲಕ್ಕೇ ವಾಲಿರುತ್ತದೆ, ನಿಮ್ಮ ಬಲಗಾಲೇ ತಗ್ಗಿಗೆ ಬೀಳುತ್ತದೆ. ನೋವಿಲ್ಲದೆ ಚುರುಕಾಗಿ ನಡೆಯಲು ಬರುತ್ತಿದ್ದರೆ ವ್ಯಾಕ್ಸಿನ್ ಡಿಪೋ ಮೈದಾನದ ಸಮತಟ್ಟು ಜಾಗದಲ್ಲಿ ಸಣ್ಣಗೆ ಓಡಿ. ಕುಂಟೋಟದ ಪರೀಕ್ಷೆ ಪಾಸಾದ ಮೇಲೆ ಯಳ್ಳೂರಿನ ರಾಜಹಂಸಗಡದ ಏರು, ಮೊದಲು ಒಣ ದಿನದಲ್ಲಿ. ಕಣಕುಂಬಿ ಅದಾದ ನಂತರ, ಬ್ರೇಸ್ ಕಟ್ಟಿಕೊಂಡು.