ನಾಲ್ಕು ಜನರ ಜೊತೆ ಸೇರಿ ಹಾಡುವುದರಲ್ಲಿ ಅಂಥ ಸುಖ ಏನಿದೆ?

ದನಿ ಅಷ್ಟಕ್ಕಷ್ಟೇ ಇರುವವರು ಗುಂಪಿನಲ್ಲಿ ಕೂತು ಹಾಡಿದರೆ ಏನು ಸಿಗುತ್ತದೆ, ಮನೆಯಲ್ಲೇ ಗುನುಗಿಕೊಂಡರೆ ಸಾಕಲ್ವಾ ಎಂದು ಕೇಳಿದ್ದೀರಿ. ಸಂಗೀತ ಕಲಿತವರು ಬೇರೆ ಉತ್ತರ ಕೊಡಬಹುದು. ನಾನು ಕಲಿತವನಲ್ಲ. ನನ್ನ ದನಿಯೂ ಅಷ್ಟಕ್ಕಷ್ಟೇ, ಹನ್ನೊಂದು ವರ್ಷ ಭಜನೆಗೆ ಹೋದ ಮೇಲೂ ಅದು ಹಾಗೇ ಇದೆ.

ನಮ್ಮದು ಪುತ್ತೂರು ಕಡೆಯ ಒಂದು ಹಳ್ಳಿ. ಪ್ರತಿ ಶನಿವಾರ ಸಂಜೆ ಭಜನಾ ಮಂದಿರದಲ್ಲಿ ಒಂದೂವರೆ ಗಂಟೆ ಭಜನೆ. ನಾನು ಅಲ್ಲಿ ಸೇರಿದ್ದು ಹಾಡಲಿಕ್ಕೆ ಅಲ್ಲ, ತಾಳ ಹಾಕಲಿಕ್ಕೆ. ತಾಳ ಹಾಕುತ್ತಿದ್ದವರು ಮಗನ ಮನೆಗೆಂದು ಮುಂಬೈಗೆ ಹೋಗಿ ಮೂರು ತಿಂಗಳು ಅಲ್ಲೇ ಉಳಿದರು. "ಸುಮ್ನೆ ಕಂಬಕ್ಕೆ ಒರಗಿ ಕೂತಿದ್ದೀಯಲ್ಲ, ಇದನ್ನಾದರೂ ಹಿಡಿ" ಎಂದು ಪಕ್ಕದ ಮನೆಯ ಅಣ್ಣ ನನ್ನ ಕೈಗೆ ತಾಳ ಕೊಟ್ಟರು. ತಾಳ ಕೈಯಲ್ಲಿದ್ದರೆ ಬಾಯಿ ಸುಮ್ಮನಿರುವುದು ಕಷ್ಟ. ಎರಡನೇ ವಾರಕ್ಕೆ ತುಟಿ ಅಲ್ಲಾಡತೊಡಗಿತು. ನಾಲ್ಕನೇ ವಾರ ಪಕ್ಕದವರು ತಿರುಗಿ ನೋಡಿದರು. ನನ್ನ ದನಿ ಹೊರಗೆ ಕೇಳುತ್ತಿದೆ ಎಂದು ಆಗಲೇ ನನಗೆ ಗೊತ್ತಾಗಿದ್ದು.

ನಮ್ಮ ಭಜನೆಯಲ್ಲಿ ಒಬ್ಬರು ಒಂದು ಸಾಲು ಹೇಳಿಕೊಡುತ್ತಾರೆ, ಉಳಿದವರೆಲ್ಲ ಅದನ್ನೇ ತಿರುಗಿ ಹೇಳುತ್ತಾರೆ. ಮನೆಯಲ್ಲಿ, ಅಂಗಳದಲ್ಲಿ ಮಾತಾಡುವುದು ತುಳು. ಹಾಡುವುದು ಮಾತ್ರ ಕನ್ನಡ, ಹೆಚ್ಚಿನವು ದಾಸರ ಪದಗಳು. ದಾಸರ ಪದ ಗುಂಪಿಗೆಂದೇ ಮಾಡಿಸಿದ ಹಾಗಿರುತ್ತದೆ. ಪಲ್ಲವಿ ಚಿಕ್ಕದು, ಪ್ರತಿ ಚರಣ ಮುಗಿದ ಮೇಲೂ ತಿರುಗಿ ಬರುತ್ತದೆ. ತಡವಾಗಿ ಬಂದವನೂ, ಸಾಹಿತ್ಯ ಗೊತ್ತಿಲ್ಲದವನೂ ಎರಡನೇ ಸುತ್ತಿಗೆ ಸೇರಿಕೊಳ್ಳಬಹುದು. ಚರಣದಲ್ಲಿ "ಪುರಂದರ ವಿಠಲ" ಅಂತಲೋ "ಕಾಗಿನೆಲೆಯಾದಿಕೇಶವ" ಅಂತಲೋ ಅಂಕಿತ, ಅಂದರೆ ಬರೆದ ದಾಸರ ಗುರುತಿನ ಹೆಸರು, ಬಂತು ಅಂದರೆ ಪದ ಮುಗಿಯಿತು ಎಂದು ಎಲ್ಲರಿಗೂ ತಿಳಿಯುತ್ತದೆ. ತಬಲಾದವರು ಕೈ ಸಡಿಲ ಮಾಡುತ್ತಾರೆ. ಯಾರೂ ಯಾರಿಗೂ ಸನ್ನೆ ಮಾಡಬೇಕಿಲ್ಲ.

ಇನ್ನು ನೀವು ಕೇಳಿದ ಸುಖ. ನನ್ನ ಮಟ್ಟಿಗೆ ಅದು ಉಸಿರಿನಲ್ಲಿದೆ.

ಒಬ್ಬನೇ ಹಾಡುವಾಗ ಉದ್ದದ ಸಾಲಿನ ನಡುವೆ ಉಸಿರು ಮುಗಿದರೆ ಹಾಡು ಅಲ್ಲೇ ತುಂಡಾಗುತ್ತದೆ. ಗುಂಪಿನಲ್ಲಿ ಹಾಗಾಗುವುದಿಲ್ಲ. ನಾನು ಬಿಟ್ಟ ಕಡೆ ಪಕ್ಕದವರು ಹಿಡಿದಿರುತ್ತಾರೆ. ಉಸಿರು ಎಳೆದುಕೊಂಡು ನಾನು ವಾಪಸ್ ಬರುವಷ್ಟರಲ್ಲಿ ಅವರು ಬಿಡುತ್ತಾರೆ. ಹೊರಗೆ ಕೂತವರಿಗೆ ಮಾತ್ರ ಒಂದೇ ಉದ್ದ ದನಿ ಕೇಳುತ್ತದೆ, ಯಾವ ಮನುಷ್ಯನ ಎದೆಯಲ್ಲೂ ಹಿಡಿಸದಷ್ಟು ಉದ್ದದ ದನಿ. ಚರ್ಚಿನ ಗಾಯನ ತಂಡಗಳಲ್ಲಿ ಇದನ್ನು ಬೇಕೆಂದೇ ಹೇಳಿಕೊಡುತ್ತಾರೆ, ಪಕ್ಕದವರು ಉಸಿರು ತೆಗೆಯುವ ಜಾಗದಲ್ಲಿ ನೀವು ತೆಗೆಯಬೇಡಿ ಎಂದು. ನಮಗೆ ಯಾರೂ ಹೇಳಿಕೊಟ್ಟಿಲ್ಲ. ಬೆನ್ನಿಗೆ ಬೆನ್ನು ತಾಗುವ ಹಾಗೆ ಕೂತು ಹಾಡಿ ಹಾಡಿ ಬಂದುಬಿಡುತ್ತದೆ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ಏಕಾಹದಲ್ಲಿ. ಕರಾವಳಿಯವರಿಗೆ ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತೇನೆ. ಏಕಾಹ ಭಜನೆ ಅಂದರೆ ಸೂರ್ಯೋದಯಕ್ಕೆ ದೀಪ ಹಚ್ಚಿ ಶುರು ಮಾಡಿ, ಮರುದಿನ ಸೂರ್ಯೋದಯದವರೆಗೆ ಎಲ್ಲೂ ಕಡಿಯದೆ ಹಾಡುವುದು. (ಸೂರ್ಯಾಸ್ತಕ್ಕೆ ಮುಗಿಸಿದರೆ ಅರ್ಧ ಏಕಾಹ. ಏಳು ದಿನ ನಡೆದರೆ ಸಪ್ತಾಹ, ಅಂದರೆ 168 ಗಂಟೆ!) ಸುತ್ತಲಿನ ಮಂಡಳಿಗಳಿಗೆ ಗಂಟೆಗಳನ್ನು ಹಂಚುತ್ತಾರೆ. ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತಿಗೆ ಎಲ್ಲರಿಗೂ ಆಸೆ, ಜನ ಇರುತ್ತಾರಲ್ಲ. ನಮ್ಮದು ಚಿಕ್ಕ ಮಂಡಳಿ. ನಮಗೆ ಸಿಕ್ಕಿದ್ದು ರಾತ್ರಿ ಎರಡರಿಂದ ನಾಲ್ಕು.

ಹೋದಾಗ ಚಪ್ಪರದಲ್ಲಿ ಕುರ್ಚಿಗಳೆಲ್ಲ ಖಾಲಿ. ಇಬ್ಬರು ಮಕ್ಕಳು ಚಾಪೆ ಮೇಲೆ ಮಲಗಿದ್ದರು, ಒಂದು ನಾಯಿ ಚಪ್ಪಲಿಗಳ ನಡುವೆ ಮಲಗಿತ್ತು. ಒಳಗೆ ಇನ್ನೊಂದು ಊರಿನವರು ಹಾಡುತ್ತಿದ್ದರು, ದನಿ ಕಟ್ಟಿಹೋಗಿತ್ತು. ತಂಡ ಬದಲಾಗುವ ರೀತಿ ನೋಡಲೇಬೇಕು. ಹೊಸಬರು ಮೆಲ್ಲಗೆ ಹಿಂದೆ ಹೋಗಿ ಕೂತು ಅದೇ ಪದಕ್ಕೆ ದನಿ ಸೇರಿಸುತ್ತಾರೆ. ಹಳಬರು ಒಬ್ಬೊಬ್ಬರಾಗಿ ಏಳುತ್ತಾರೆ. ಹಾರ್ಮೋನಿಯಂನವರು ಏಳುವ ಮೊದಲೇ ನಮ್ಮವರು ಪಕ್ಕದಲ್ಲಿ ಕೂತು ತಿದಿಗೆ ಕೈ ಹಾಕಿದ್ದರು. ಪಲ್ಲವಿ ನಾಲ್ಕೈದು ಸಲ ತಿರುಗುವಷ್ಟರಲ್ಲಿ ಕೂತವರೆಲ್ಲ ಬೇರೆಯವರು, ಹಾಡು ಮಾತ್ರ ಅದೇ. ತಾಳ ಕೊಟ್ಟವರು ನನ್ನ ಅಂಗೈ ಒತ್ತಿ ಹೋದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ತಾಳ ಬಿಸಿಯಾಗಿತ್ತು.

ಮೂರು ಗಂಟೆ ಹೊತ್ತಿಗೆ ನನಗೆ ತೂಕಡಿಕೆ ಬಂತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಒಂದು ಚರಣ ಪೂರ್ತಿ ಹೋಗಿರಬೇಕು. ಕಣ್ಣು ಬಿಟ್ಟಾಗ ಎದೆ ಧಸಕ್ ಎಂದಿತು, ಕಡಿದುಹೋಯಿತೇನೋ ಎಂದು. ಇಲ್ಲ. ಹಾಡು ನಡೆಯುತ್ತಲೇ ಇತ್ತು. ನನ್ನ ಕೈ ಕೂಡ ತಾಳ ಹಾಕುತ್ತಲೇ ಇತ್ತು ಎಂದು ಆಮೇಲೆ ಪಕ್ಕದವರು ಹೇಳಿದರು. ಅಷ್ಟು ವರ್ಷ ಮನೆ, ಸಾಲ, ಅಡಿಕೆ ರೇಟು, ಎಲ್ಲವೂ ನಾನು ಕಣ್ಣು ಮುಚ್ಚಿದರೆ ಬಿದ್ದುಹೋಗುತ್ತವೆ ಎಂಬ ಹಾಗೆ ಬದುಕಿದವನು ನಾನು. ನಾನು ನಿದ್ದೆ ಹೋದರೂ ನಿಲ್ಲದ ಒಂದು ಕೆಲಸದೊಳಗೆ ನಾನೂ ಇದ್ದೇನೆ ಎಂಬುದು ಎಷ್ಟು ಹಗುರ ಅನ್ನಿಸಿತು ಅಂದರೆ, ನಾಲ್ಕು ಗಂಟೆಗೆ ಎದ್ದು ಬಂದು ಕಣ್ಣ ಚಹಾ (ಹಾಲು ಹಾಕದ ಚಹಾ) ಕುಡಿಯುವಾಗ ಸುಮ್ಮನೆ ನಗು ಬರುತ್ತಿತ್ತು.

ನಾನು ಅಂಥ ದೊಡ್ಡ ಭಕ್ತನೇನೂ ಅಲ್ಲ, ಹಾಗಾಗಿ ಇದನ್ನು ದೇವರ ಲೆಕ್ಕಕ್ಕೆ ಹಾಕುವುದಿಲ್ಲ. ದೇಹದ ಲೆಕ್ಕವೂ ಒಂದಿದೆ. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಹಾಡುವುದು ಎಂದರೆ ಉಸಿರನ್ನು ನಿಧಾನವಾಗಿ ಬಿಡುವುದೇ ತಾನೇ. ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡು ಒಟ್ಟಿಗೆ ಬಿಟ್ಟರೆ ಬಡಿತಗಳೂ ಒಟ್ಟಿಗೆ ಏರಿ ಇಳಿಯುತ್ತವೆ. 2013ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್ ವಿಶ್ವವಿದ್ಯಾಲಯದವರು 18 ವರ್ಷದ 15 ಮಂದಿಯನ್ನು ಹಾಡಿಸಿ ಇದನ್ನು ಅಳೆದು ತೋರಿಸಿದ್ದರು. ಒಬ್ಬರು ಹೇಳಿಕೊಡುವಾಗ ಉಳಿದವರು ಉಸಿರು ತುಂಬಿಕೊಂಡು ಕಾಯುತ್ತೇವಲ್ಲ, ನಮ್ಮ ಭಜನೆಯಲ್ಲಂತೂ ಇದು ತಾನಾಗಿಯೇ ಆಗುತ್ತದೆ.

ಎಲ್ಲವೂ ಚೆಂದ ಅಂದುಕೊಳ್ಳಬೇಡಿ. ಶ್ರುತಿ ವಿಷಯಕ್ಕೆ ನಮ್ಮಲ್ಲಿ ಜಗಳ ತಪ್ಪಿದ ವಾರವಿಲ್ಲ. ಹಾರ್ಮೋನಿಯಂನ ಕಪ್ಪು, ಬಿಳಿ ಕೀಗಳ ಲೆಕ್ಕದಲ್ಲಿ ಗಂಡಸರಿಗೆ ಕಪ್ಪು ಒಂದರ ಆಸುಪಾಸು ಹಿತ. ಹೆಂಗಸರಿಗೆ ಬಿಳಿ ಐದು, ಕಪ್ಪು ನಾಲ್ಕು ಬೇಕು. ಅವರ ಶ್ರುತಿಗೆ ಹಿಡಿದರೆ ನಾವು ಪಾತಾಳದಲ್ಲಿ ಗೊಣಗಬೇಕು, ಇಲ್ಲವೇ ಕಿರುಚಬೇಕು. ನಮ್ಮ ಶ್ರುತಿಗೆ ಹಿಡಿದರೆ ಅವರಿಗೆ ಅದೇ ಪಾಡು. ಕೊನೆಗೆ ಬಿಳಿ ಮೂರೋ ನಾಲ್ಕೋ ಹಿಡಿದು, ತೀರಾ ಮೇಲೆ ಹೋಗುವ ಪದಗಳನ್ನು ಬಿಟ್ಟೆವು. ಯಾರಿಗೂ ಪೂರ್ತಿ ಹಿತವಿಲ್ಲ, ಯಾರ ಗಂಟಲೂ ಹರಿಯುವುದಿಲ್ಲ. ಇನ್ನೊಂದು ರೋಗ ಓಡುವುದು. ಹತ್ತು ಜನ ಸೇರಿದರೆ ಲಯ ತಾನಾಗಿ ಜೋರಾಗುತ್ತದೆ. ಶುರುವಿನಲ್ಲಿ ನಡೆಯುತ್ತಿದ್ದ ಪದ ಕೊನೆಗೆ ಬಸ್ಸು ಹಿಡಿಯಲು ಹೊರಟ ಹಾಗಿರುತ್ತದೆ. ಅದಕ್ಕೆ ನಾನೂ ಕಾರಣ, ತಾಳದವನು.

ಮೈಕು ಬಂದ ಮೇಲೆ ಇನ್ನೂ ಕೆಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಒಬ್ಬರ ಮುಂದೆ ಮೈಕು ಇಟ್ಟರೆ ಉಳಿದ ಹದಿನೈದು ಜನ ಇದ್ದೂ ಇಲ್ಲದ ಹಾಗೆ. ಕರೆಂಟು ಹೋದ ಶನಿವಾರಗಳಲ್ಲೇ ನಮ್ಮ ಭಜನೆ ಚೆನ್ನಾಗಿ ಆಗುವುದು. ಈ ಮಾತು ಕಮಿಟಿಯವರ ಎದುರು ಹೇಳಿ ಬೈಸಿಕೊಂಡಿದ್ದೇನೆ.

ನಿಮಗೆ ಭಜನೆ ಒಗ್ಗದಿದ್ದರೆ ಬೇರೆ ದಾರಿಯೂ ಇದೆ. ಸುಗಮ ಸಂಗೀತದ ಸಮೂಹ ಗಾಯನ ತರಗತಿಗಳಿವೆ, ಚರ್ಚಿನ ತಂಡಗಳಿವೆ. ಏನೂ ಇಲ್ಲದಿದ್ದರೆ ನವೆಂಬರ್ 1ಕ್ಕೆ ಎಲ್ಲರ ಜೊತೆ ನಾಡಗೀತೆಯನ್ನಾದರೂ ಬಾಯಿಬಿಟ್ಟು ಹಾಡಿ ನೋಡಿ. ಮೊದಲು ಅದರಲ್ಲೂ ತಕರಾರು ಇತ್ತು. ಬೆಂಗಳೂರಿನಲ್ಲಿ ತಂಗಿಯ ಅಪಾರ್ಟ್‌ಮೆಂಟಿನಲ್ಲಿ ಒಂದು ರಾಜ್ಯೋತ್ಸವಕ್ಕೆ ನಾನಿದ್ದೆ, ಅರ್ಧ ಜನ ಒಂದು ಧಾಟಿ, ಅರ್ಧ ಜನ ಇನ್ನೊಂದು ಧಾಟಿ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ನಿಗದಿ ಮಾಡಿದ ಮೇಲೆ ಗುಂಪಿನಲ್ಲಿ ಹಾಡುವವರಿಗೆ ಅನುಕೂಲವಾಯಿತು. ಯಾವ ಧಾಟಿ ಮೇಲು ಎಂಬ ಚರ್ಚೆಗೆ ನಾನು ಬರುವುದಿಲ್ಲ.

ಭಜನೆಗೇ ಹೋಗುವುದಾದರೆ ಒಂದೆರಡು ಮಾತು. ಕೇಳಿ ಸೇರಬೇಕಿಲ್ಲ, ಹೋಗಿ ಕೂತರಾಯಿತು. ಮೊದಲ ದಿನ ಸಂಕೋಚಕ್ಕೆ ಬಾಗಿಲ ಹತ್ತಿರ ಕೂರಬೇಡಿ, ಅಲ್ಲಿ ನಿಮ್ಮ ದನಿಯೇ ನಿಮಗೆ ಜಾಸ್ತಿ ಕೇಳಿಸಿ ಹೆದರಿಕೆಯಾಗುತ್ತದೆ. ಹಾರ್ಮೋನಿಯಂ ಪಕ್ಕ, ಜೋರು ದನಿಯವರ ಹಿಂದೆ ಕೂರಿ. ಪಲ್ಲವಿ ಮಾತ್ರ ಹೇಳಿ. ಯಾರಾದರೂ ತಾಳ ಕೊಟ್ಟರೆ ಬೇಡ ಅನ್ನಬೇಡಿ.