ನೋ ಪಾರ್ಕಿಂಗ್ ದಂಡ: ವಾದ ಇದ್ದರೆ ಕಟ್ಟುವ ಮೊದಲೇ ಮಾಡಿ

ಓದುಗರ ಪ್ರಶ್ನೆಗೆ ವಕೀಲರ ಉತ್ತರ

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಬಟ್ಟೆ ಅಂಗಡಿ ಮುಂದೆ ಬೈಕ್ ನಿಲ್ಲಿಸಿದ್ದೆ. ನೋ ಪಾರ್ಕಿಂಗ್ ಬೋರ್ಡ್ ಕಾಣಲಿಲ್ಲ. ದಂಡದ ಮೆಸೇಜ್ ಬಂದಿದೆ. ಈಗ ಕಟ್ಟಿ, ಆಮೇಲೆ ದೂರು ಕೊಟ್ಟರೆ ದುಡ್ಡು ವಾಪಸ್ ಬರುತ್ತಾ?

ಆ ಆಸೆ ಬಿಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ದಂಡ ಕಟ್ಟಿದರೆ ರಾಜಿಯಾಗಿ ಕೇಸು ಮುಗಿದಂತೆ. ಮುಗಿದ ಕೇಸಿನಲ್ಲಿ ಏನು ವಾದ ಮಾಡುತ್ತೀರಿ? ತಕರಾರು ಇದ್ದರೆ ಕಟ್ಟುವ ಮೊದಲೇ ಎತ್ತಬೇಕು.

ಮೊದಲು ಚಲನ್ ತೆರೆದು ಫೋಟೊ ನೋಡಿ. ನಂಬರ್ ಪ್ಲೇಟ್ ನಿಮ್ಮದೇನಾ? ಜಾಗ, ದಿನ, ಹೊತ್ತು ಸರಿ ಇದೆಯಾ? ಯಾವ ಕಲಂ ಹಾಕಿದ್ದಾರೆ? ಒಂದು ಅಂಕಿ ತಪ್ಪಿ ಬೇರೆಯವರ ಗಾಡಿಯ ದಂಡ ನಿಮಗೆ ಬಂದಿದ್ದರೆ ಫೋಟೊ ಮತ್ತು ಆರ್‌ಸಿ (ಗಾಡಿಯ ನೋಂದಣಿ ಪತ್ರ) ಸಾಕು, ಗಟ್ಟಿ ಕೇಸು.

ಬೋರ್ಡ್ ವಿಷಯ ಅಷ್ಟು ಸುಲಭವಲ್ಲ. ಫುಟ್‌ಪಾತ್, ಜೀಬ್ರಾ ಕ್ರಾಸಿಂಗ್, ಸರ್ಕಲ್ ಹತ್ತಿರ, ಬಸ್ ಸ್ಟಾಪ್, ಸೇತುವೆ, ಶಾಲೆ-ಆಸ್ಪತ್ರೆಯ ಗೇಟು, ನಿಂತ ಗಾಡಿಯ ಪಕ್ಕ ಇನ್ನೊಂದು ಗಾಡಿ: ಇಲ್ಲೆಲ್ಲ ಬೋರ್ಡ್ ಬೇಕಾಗಿಲ್ಲ. 2017ರ ಚಾಲನಾ ನಿಯಮಗಳೇ ನಿಲ್ಲಿಸಬಾರದು ಅನ್ನುತ್ತವೆ. ಅಂಗಡಿ ಮುಂದಿನ ಫುಟ್‌ಪಾತ್ ಮೇಲೆ ಚಕ್ರ ಹತ್ತಿಸಿದ್ದರೆ ಸುಮ್ನೆ ಕಟ್ಟಿಬಿಡಿ. ಅಲ್ಲಿ ವಯಸ್ಸಾದವರು ರಸ್ತೆಗಿಳಿದು ನಡೆಯುವುದನ್ನು ದಿನಾ ನೋಡುತ್ತೇನೆ. ಅಂಥ ಕೇಸು ನಾನು ತಗೊಳ್ಳುವುದಿಲ್ಲ.

ಇವು ಯಾವುದೂ ಅಲ್ಲ, ಬೋರ್ಡ್ ನಿಜಕ್ಕೂ ಇರಲಿಲ್ಲ, ಇಲ್ಲವೇ ಫ್ಲೆಕ್ಸ್ ಹಿಂದೆ ಮುಚ್ಚಿತ್ತು ಅಂದರೆ ತಡ ಮಾಡದೆ ಅದೇ ಜಾಗಕ್ಕೆ ಹೋಗಿ. ನೀವು ಗಾಡಿ ಓಡಿಸಿಕೊಂಡು ಬಂದ ದಿಕ್ಕಿನಿಂದ ಇಡೀ ರಸ್ತೆಯ ಫೋಟೊ, ವಿಡಿಯೊ ತೆಗೆಯಿರಿ. ಬರೀ ಕಂಬದ ಫೋಟೊ ಸಾಲದು, ಅಕ್ಕಪಕ್ಕದ ಅಂಗಡಿ ಹೆಸರು ಕಾಣಬೇಕು. ತಿಂಗಳು ಬಿಟ್ಟು ಹೋದರೆ ಅಲ್ಲಿ ಹೊಸ ಬೋರ್ಡೇ ನಿಂತಿರಬಹುದು.

ಸಂಚಾರ ಠಾಣೆಗೆ ಒಂದು ಪುಟದ ಅರ್ಜಿ ಕೊಡಿ. ಚಲನ್ ನಂಬರ್ ಬರೆಯಿರಿ, ಫೋಟೊ ಲಗತ್ತಿಸಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ. ಅಲ್ಲಿ ಆಗದಿದ್ದರೆ ಕೋರ್ಟು. ನೋಟಿಸ್ ಬಂದ ದಿನ ಹಾಜರಾಗಿ, ತಪ್ಪು ಒಪ್ಪುವುದಿಲ್ಲ ಅನ್ನಿ. ಆಗ ಸಾಬೀತು ಮಾಡುವ ಹೊಣೆ ಪೊಲೀಸರದು. ಆದರೆ ಕೆಲಸ ಬಿಟ್ಟು ಒಂದಕ್ಕಿಂತ ಜಾಸ್ತಿ ದಿನ ಅಲೆಯಬೇಕಾಗಬಹುದು. ಚಲನ್‌ನಲ್ಲಿ ಹಾಕಿದ್ದು ಅದೇ ಕಾಯ್ದೆಯ 177ನೇ ಕಲಂ ಆದರೆ ಮೊದಲ ತಪ್ಪಿಗೆ ಗರಿಷ್ಠ 500 ರೂಪಾಯಿ, ಮತ್ತೆ ಮಾಡಿದರೆ 1500. ನನ್ನಂಥ ವಕೀಲರ ಫೀಸು ಅದಕ್ಕಿಂತ ಜಾಸ್ತಿ. ಇದಕ್ಕೆ ವಕೀಲರು ಬೇಡ, ನೀವೇ ಮಾತಾಡಿ. ನೋಟಿಸ್ ಬಂದರೂ ಹೋಗದೆ ಇರುವುದು ಮಾತ್ರ ಬೇಡ. ಚಿಕ್ಕ ಕೇಸು ದೊಡ್ಡದಾಗುವುದೇ ಅಲ್ಲಿ.

ಇಂಡಿಕೇಟರ್ ಹಾಕಿ, ಗಾಡಿಯಲ್ಲೇ ಕೂತಿದ್ದರೆ ದಂಡ ಇಲ್ಲ ಅಲ್ವಾ?

ಯಾರು ಹೇಳಿದ್ದು? ಹಾಗೆ ಯಾವ ವಿನಾಯಿತಿಯೂ ಇಲ್ಲ.

ಅರ್ಧ ದಂಡದ ರಿಯಾಯಿತಿ ಬರುವವರೆಗೆ ಕಾಯಲಾ?

2023ರಲ್ಲಿ, 2025ರಲ್ಲಿ ಸರ್ಕಾರ ಕೊಟ್ಟಿತ್ತು, ನಿಜ. ಅದು ತಪ್ಪು ಒಪ್ಪಿ ಕಟ್ಟುವವರಿಗೆ. ತಪ್ಪೇ ಮಾಡದವರು ಅರ್ಧವಾದರೂ ಯಾಕೆ ಕಟ್ಟಬೇಕು?

ಏಜೆಂಟ್ ಒಬ್ಬರು ದುಡ್ಡು ಕೊಟ್ಟರೆ ಚಲನ್ ಅಳಿಸಿ ಕೊಡುತ್ತಾರಂತೆ.

ಮೋಸ. ಅವರ ಕೈಗೆ ಒಂದು ರೂಪಾಯಿಯನ್ನೂ, ಆರ್‌ಸಿಯನ್ನೂ ಕೊಡಬೇಡಿ. ವಾಟ್ಸಾಪ್‌ನಲ್ಲಿ ಚಲನ್ ಹೆಸರಲ್ಲಿ ಬರುವ ಎಪಿಕೆ ಫೈಲೂ (ಫೋನಿಗೆ ಆ್ಯಪ್ ಹಾಕುವ ಫೈಲು) ಅಷ್ಟೇ. ಒತ್ತಿದರೆ ಬ್ಯಾಂಕ್ ಖಾತೆಗೇ ಕೈ ಹಾಕುತ್ತಾರೆ, ತೆರೆಯದೆ ಅಳಿಸಿ.

ಮಾರಿದ ಸ್ಕೂಟರಿನ ದಂಡ ನನಗೇ ಬರುತ್ತಿದೆ.

ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿಗೆ ಅವರೇ ಮಾಲೀಕರು. ಮಾಲೀಕರ ಹೆಸರು ಬದಲಿಸುವ ಫಾರಂ 29, 30 ಹಿಡಿದು ಈ ವಾರವೇ ಆರ್‌ಟಿಒ ಕಚೇರಿಗೆ ಹೋಗಿ.