70 ದಾಟಿದ ಸ್ಪ್ರಿಂಗ್‌ಸ್ಟೀನ್ ಶೋಗಳಲ್ಲಿ ಆ ಹಳೆಯ ಬೆಂಕಿ ಉಳಿದಿದೆಯಾ?

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1970ರ ದಶಕದ ಲೈವ್ ರೆಕಾರ್ಡಿಂಗ್ ಕೇಳಿ ಹುಚ್ಚು ಹಿಡಿದಿದೆ, ಆದರೆ ಈಗಿನ ಶೋಗಳನ್ನು ಕೇಳಿದರೆ ಬೇಜಾರಾಗುತ್ತೇನೋ ಅನ್ನೋ ಭಯ ಅಂತ ಬರೆದಿದ್ದೀರಿ. ಈ ಭಯ ನನಗೂ ಇತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನಾನು ಅವರನ್ನು ಕೇಳಲು ಶುರು ಮಾಡಿದ್ದು 1978ರ ಆಗಸ್ಟ್ 9ರ ಕ್ಲೀವ್‌ಲ್ಯಾಂಡ್ ಶೋ ಇಂದ. ಅವತ್ತು ಅದು ರೇಡಿಯೋದಲ್ಲಿ ಪ್ರಸಾರವಾಗಿತ್ತು. ಆಗ ಅವರಿಗೆ 28 ವಯಸ್ಸು. ಎದುರಿಗೆ ಯಾರೇ ಇರಲಿ, ಗೆದ್ದೇ ಹೋಗುತ್ತೇನೆ ಅನ್ನುವ ಹಟ ಆ ದನಿಯಲ್ಲಿದೆ. ಅದನ್ನು ಕೇಳಿದವರಿಗೆ ಮುಂದಿನದೆಲ್ಲ ಸಪ್ಪೆ ಅನ್ನಿಸಿದರೆ ತಪ್ಪೇನಿಲ್ಲ.

ಆದರೆ ವಯಸ್ಸಾದಂತೆ ಶೋ ಚಿಕ್ಕದಾಗುತ್ತದೆ ಅನ್ನುವ ಲೆಕ್ಕ ಇವರ ವಿಷಯದಲ್ಲಿ ಸರಿಹೋಗುವುದಿಲ್ಲ. ಅವರ ಅತಿ ಉದ್ದದ ಶೋ ನಡೆದದ್ದು 2012ರ ಜುಲೈ 31ರಂದು, ಹೆಲ್ಸಿಂಕಿಯಲ್ಲಿ. 4 ಗಂಟೆ 6 ನಿಮಿಷ! ಆಗ ಅವರಿಗೆ 62.

ಹಾಗಂತ ದೇಹ ಸುಮ್ಮನೆ ಬಿಡುವುದಿಲ್ಲ. 2023ರ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವೇದಿಕೆಯ ಮೆಟ್ಟಿಲಲ್ಲಿ ಎಡವಿ ಬಿದ್ದರು. ಜೊತೆಗಾರರು ಎಬ್ಬಿಸಿದರು, ಶೋ ಮುಂದುವರಿಯಿತು. ಅದೇ ಸೆಪ್ಟೆಂಬರ್‌ನಲ್ಲಿ ಹೊಟ್ಟೆ ಹುಣ್ಣಿನಿಂದಾಗಿ ಶೋಗಳನ್ನು ಮುಂದಕ್ಕೆ ಹಾಕಬೇಕಾಯಿತು. ಹಾಡುವಾಗ ಉಸಿರನ್ನು ತಳ್ಳುವುದೇ ಹೊಟ್ಟೆಯ ಬಲದಿಂದ ಅಲ್ವಾ, ಅಲ್ಲೇ ನೋವಿದ್ದರೆ ದನಿ ಏಳುವುದಾದರೂ ಹೇಗೆ? ದನಿಯೂ ಈಗ ಮೊದಲಿಗಿಂತ ಒರಟು. ವಯಸ್ಸಾದಂತೆ ಗಂಟಲಿನ ತಂತುಗಳು ಪೆಡಸಾಗುತ್ತವೆ, ಮೇಲಿನ ಸ್ವರಗಳು ಕಷ್ಟವಾಗುತ್ತವೆ. ಈಗ ಬೆನ್ನ ಹಿಂದೆ ಹಾರ್ನ್ಸ್ (ಟ್ರಂಪೆಟ್‌ನಂಥ ಊದುವ ವಾದ್ಯಗಳು) ಇದೆ, ಕೋರಸ್ ಹಾಡುವವರಿದ್ದಾರೆ. ಭಾರ ಹಂಚಿಹೋಗುತ್ತದೆ. ಇದನ್ನು ಮೋಸ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ.

ನನ್ನ ಪ್ರಕಾರ ನಿಜವಾದ ಬದಲಾವಣೆ ಬೇರೆ ಕಡೆ ಇದೆ. ಈಗ ವೇದಿಕೆಯ ಮೇಲೆ ಇಲ್ಲದವರೂ ಇದ್ದಾರೆ.

ಬ್ರೂಸ್ ಅವರ ಇ ಸ್ಟ್ರೀಟ್ ಬ್ಯಾಂಡ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ ಡ್ಯಾನಿ ಫೆಡೆರಿಚಿ 2008ರಲ್ಲಿ ತೀರಿಕೊಂಡರು. ಸ್ಯಾಕ್ಸೊಫೋನ್‌ನ ಕ್ಲಾರೆನ್ಸ್ ಕ್ಲೆಮನ್ಸ್ 2011ರಲ್ಲಿ ಹೋದರು. ಕ್ಲಾರೆನ್ಸ್ ಜಾಗದಲ್ಲಿ ಈಗ ಅವರ ಸೋದರನ ಮಗ ಜೇಕ್ ನಿಂತು ನುಡಿಸುತ್ತಾರೆ. ‘ಟೆಂತ್ ಅವೆನ್ಯೂ ಫ್ರೀಝ್-ಔಟ್’ ಹಾಡಿನಲ್ಲಿ ಕ್ಲಾರೆನ್ಸ್ ಬ್ಯಾಂಡ್ ಸೇರಿದ್ದನ್ನು ಹೇಳುವ ಸಾಲು ಬಂದಾಗ 2012ರ ಶೋಗಳಲ್ಲಿ ಸಂಗೀತವೇ ನಿಂತುಬಿಡುತ್ತಿತ್ತು. ಆ ಜಾಗವನ್ನು ಜನರ ಕೂಗು ತುಂಬುತ್ತಿತ್ತು.

2023ರ ಟೂರ್‌ಗೆ ಬರೋಣ. ಮೊದಲೆಲ್ಲ ಹಾಡಿನ ನಡುವೆ ನಿಂತು ಅಪ್ಪನ ಕಥೆ, ಊರಿನ ಕಥೆ ಅಂತ ಎಷ್ಟೋ ಹೊತ್ತು ಮಾತಾಡುತ್ತಿದ್ದ ಮನುಷ್ಯ ಈ ಸಲ ಹೆಚ್ಚು ಕಡಿಮೆ ಮಾತೇ ಆಡಲಿಲ್ಲ. ಬಾಯಿ ಬಿಟ್ಟು ಕಥೆ ಹೇಳಿದ್ದು ಮುಖ್ಯವಾಗಿ ಒಂದೇ ಕಡೆ. ಅದು ಜಾರ್ಜ್ ಥೀಸ್ ಬಗ್ಗೆ. 1965ರಲ್ಲಿ, 15ರ ಹುಡುಗ ಬ್ರೂಸ್‌ನನ್ನು ತನ್ನ ಬ್ಯಾಂಡ್‌ಗೆ ಕರೆದ ಗೆಳೆಯ. ಜಾರ್ಜ್ 2018ರಲ್ಲಿ ತೀರಿಕೊಂಡಾಗ ಆ ಬ್ಯಾಂಡಿನಲ್ಲಿ ಉಳಿದದ್ದು ಬ್ರೂಸ್ ಒಬ್ಬರೇ. ಅದರ ಬಗ್ಗೆ ಬರೆದ ಹಾಡನ್ನು ಗಿಟಾರ್ ಹಿಡಿದು ಹಾಡುತ್ತಿದ್ದರು. ಅದು ಮುಗಿದ ಮೇಲೆ ಶುರುವಾಗುತ್ತಿದ್ದದ್ದು 1975ರ ‘ಬ್ಯಾಕ್‌ಸ್ಟ್ರೀಟ್ಸ್’.

ನೀವು ಗಮನಿಸಬೇಕಾದ ಜಾಗ ಇದೇ. 1978ರಲ್ಲಿ ಈ ಹಾಡಿನ ಮಧ್ಯೆ ಬ್ಯಾಂಡ್ ತಣ್ಣಗಾಗುತ್ತಿತ್ತು, ಪಿಯಾನೋ ಮಾತ್ರ ಮೆಲ್ಲಗೆ ನಡೆಯುತ್ತಿತ್ತು. ಅದರ ಮೇಲೆ ಬ್ರೂಸ್ ಆ ಹೊತ್ತಿಗೆ ಬಂದ ಸಾಲುಗಳನ್ನು ಕಟ್ಟಿ ಹಾಡುತ್ತಿದ್ದರು. ನಂಬಿಸಿ ಕೈಬಿಟ್ಟವರ ಮೇಲಿನ ಸಿಟ್ಟು ಅದು. ಗೊಣಗುತ್ತಾ ಶುರುವಾಗಿ ಕೂಗಾಗುತ್ತಿತ್ತು. ಕೇಳುವಾಗ ಮೈ ಜುಮ್ ಅನ್ನುತ್ತದೆ.

2023ರಲ್ಲೂ ಹಾಡು ಅಲ್ಲೇ ತಣ್ಣಗಾಗುತ್ತದೆ. ಆದರೆ ಸಿಟ್ಟು ಇಲ್ಲ. ಸತ್ತ ಗೆಳೆಯನ ಯಾವ್ಯಾವ ವಸ್ತು ಇಟ್ಟುಕೊಂಡಿದ್ದೇನೆ ಅಂತ ಒಂದೊಂದಾಗಿ ಹೇಳುತ್ತಾರೆ. ಹಳೆಯ ರೆಕಾರ್ಡುಗಳು, ಪುಸ್ತಕಗಳು, ಗಿಟಾರ್. ಉಳಿದದ್ದನ್ನು ಇಲ್ಲಿ ಇಟ್ಟುಕೊಳ್ಳುತ್ತೇನೆ ಅಂತ ಎದೆ ತೋರಿಸುತ್ತಾರೆ. ಆಮೇಲೆ ಬ್ಯಾಂಡ್ ಪೂರ್ತಿ ಜೋರಾಗಿ ಒಳಗೆ ಬರುತ್ತದೆ. ಹಾಡು ಅದೇ, ಪಿಯಾನೋ ಅದೇ. 28ರ ಹುಡುಗನಿಗೆ ಗೆಳೆಯ ಮೋಸ ಮಾಡಿದ್ದೇ ದೊಡ್ಡ ನೋವು. 73ರವನಿಗೆ ಗೆಳೆಯ ಇಲ್ಲ ಅನ್ನುವುದೇ ನೋವು. ಆ ಒರಟು ದನಿ ಇಲ್ಲದಿದ್ದರೆ ಇದನ್ನು ಹಾಡಲು ಆಗುತ್ತಲೇ ಇರಲಿಲ್ಲ ಅನ್ನಿಸುತ್ತದೆ ನನಗೆ.

ಅವರ ಇತ್ತೀಚಿನ ಶೋಗಳ ರೆಕಾರ್ಡಿಂಗ್‌ಗಳು ಅಧಿಕೃತವಾಗಿಯೇ ಸಿಗುತ್ತವೆ. ಮೊದಲು 1978ರ ‘ಬ್ಯಾಕ್‌ಸ್ಟ್ರೀಟ್ಸ್’ ಹಾಕಿ, ಅದು ಮುಗಿದ ಕೂಡಲೇ 2023ರದ್ದು. ಮಧ್ಯೆ ಬೇರೆ ಏನೂ ಬೇಡ. ಕೇಳಿದ ಮೇಲೆ ಹೇಗನ್ನಿಸಿತು ಅಂತ ದಯವಿಟ್ಟು ನನಗೂ ತಿಳಿಸಿ.